ದೊನಾತಾಳ ಹುಂಜದ ಮುದ್ರೆ

ಅಲ್ತಮೂರಾ ಊರಿನ ಗಟ್ಟಿಗೋಧಿಯ ಹಳದಿ ಹಿಟ್ಟನ್ನು ದೊನಾತಾ ನಾದಲು ನಿಂತರೆ ಗೋಡೆಯ ಪಟದೊಳಗಿನ ಸಂತರೂ ಒಂದಂಗುಲ ಹಿಂದೆ ಸರಿಯುತ್ತಿದ್ದರು. ಅವಳ ಬ್ರೆಡ್ಡು ತಿಂಗಳಾದರೂ ಕೆಡುತ್ತಿರಲಿಲ್ಲ. ಅವಳಜ್ಜಿ ಬೇಯಿಸಿದ್ದೊಂದು ಇನ್ನೂ ಮೆತ್ತಗಿದೆಯಂತೆ. ಮುಟ್ಟಿ ನೋಡಿದವರಿಲ್ಲ, ಸುಳ್ಳೆಂದವರೂ ಇಲ್ಲ.

ಭಾನುವಾರ ಮಗಳನ್ನು ನೋಡಲು ಗ್ರಾವೀನಾ ಊರಿನಿಂದ ಬೀಗರಾಗಬೇಕಾದವರು ಬರಲಿದ್ದರು. ನನ್ನ ಬ್ರೆಡ್ಡಿನಂಥದ್ದನ್ನು ನಿಮ್ಮ ಏಳು ತಲೆಮಾರು ಕಂಡಿರಲಿಕ್ಕಿಲ್ಲ ಎಂದು ದೊನಾತಾ ಮೊದಲೇ ಹೇಳಿಕಳಿಸಿಬಿಟ್ಟಿದ್ದಳು. ಆ ಮಾತು ಉಳಿಯದಿದ್ದರೆ ಮರ್ಯಾದೆ ಮೂರು ಕಾಸು.

ಶನಿವಾರ ಬೆಳಿಗ್ಗೆ ಹಿಟ್ಟು ಉಬ್ಬಿ ನಿಂತಿದೆ, ಮುದ್ರೆ ಕಾಣೆ! ಇಡೀ ಓಣಿ ಒಂದೇ ಒಲೆಯಲ್ಲಿ ಬೇಯಿಸುವಾಗ ಯಾರದು ಯಾವುದೆಂದು ಹೇಳುವುದು ಹಸಿ ಹಿಟ್ಟಿಗೆ ಒತ್ತುವ ಆ ಹೆಬ್ಬೆರಳುದ್ದದ ಮರದ ಮುದ್ರೆಯೇ. ದೊನಾತಾಳದರ ಹಿಡಿಯಲ್ಲಿ ಹುಂಜವೊಂದನ್ನು ಕೆತ್ತಿದ್ದರು. ಕೋಳಿಗೂಡು, ಗಂಡನ ಬೂಟು, ಎಲ್ಲ ಜಾಲಾಡಿದಳು. ಕೊನೆಗೆ ಪಕ್ಕದ ಮನೆಯ ಪಾಸ್ಕ್ವಾಳೇ ಕದ್ದಳೆಂದು ತೀರ್ಮಾನಿಸಿ, ಒಲೆಯ ಮುಂದೆ ಸಾಲು ನಿಂತವರೆಲ್ಲ ಕೇಳುವಂತೆ ಅಂದೂಬಿಟ್ಟಳು.

ಪಾಸ್ಕ್ವಾ ಒತ್ತಲು ಹೊರಟಿದ್ದ ತನ್ನ ಮುದ್ರೆಯನ್ನು ಜೇಬಿಗಿಳಿಸಿದಳು. "ನಿನ್ನ ಮುದ್ರೆ ನಂಗ್ಯಾಕೇ? ನನ್ನ ಬ್ರೆಡ್ಡಿಗೆ ನಂದೇ ಬೇಕಾಗಿಲ್ಲ. ಕುರುಡನೂ ವಾಸನೇಲಿ ಗುರುತು ಹಿಡೀತಾನೆ."

"ಹಂಗಾದ್ರೆ ನಂದಕ್ಕೂ ಬೇಡ," ಎಂದಳು ದೊನಾತಾ.

ಒಲೆಯ ಸಾವೇರಿಯೋ ಮೇಸ್ತ್ರಿ ಬೆಂದದ್ದನ್ನು ಹೊರತೆಗೆದಾಗ, ಮುದ್ರೆಯಿಲ್ಲದ ಎರಡರಲ್ಲಿ ಒಂದು ಗಂಟೆಗೋಪುರದಂತೆ ಎದ್ದಿತ್ತು. ಅದರ ನೆರಳಲ್ಲಿ ಎರಡು ಕತ್ತೆ ಮಲಗಬಹುದಿತ್ತು. ಇನ್ನೊಂದು, ಯಾರೋ ಮೇಲೆ ಕೂತೆದ್ದ ಪಾದ್ರಿಯ ಟೊಪ್ಪಿಯಂತೆ ಚಪ್ಪಟೆ. ಇಬ್ಬರ ಕೈಯೂ ಗೋಪುರದ ಮೇಲೇ ಬಿತ್ತು. ದೊನಾತಾ ಸಂತ ಇರೇನೆಯಿಂದ ಹಿಡಿದು ತನ್ನ ಹೇಸರಗತ್ತೆಯವರೆಗೆ ಎಲ್ಲರ ಮೇಲೂ ಆಣೆಯಿಟ್ಟಳು.

ಕೊಯ್ದು ನೋಡೋಣ, ಒಳಗಿನ ಹದವೇ ತಾಯಿ ಯಾರೆಂದು ಹೇಳುತ್ತದೆ ಎಂದ ಮೇಸ್ತ್ರಿ. ಟೊಪ್ಪಿಗೇ ಮೊದಲು ಚಾಕು ಹಾಕಿದ. ಅದು ನಡುವಿಗೆ ಬಂದು ಟಕ್ಕೆಂದು ನಿಂತಿತು. ಬಿಡಿಸಿದರೆ, ಬ್ರೆಡ್ಡಿನ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತ್ತು ಮರದ ಹುಂಜ! ದೊನಾತಾ ನಾದುವ ರಭಸಕ್ಕೆ ಜೇಬಿನಿಂದ ಜಾರಿ ಹಿಟ್ಟು ಸೇರಿತ್ತು.

"ಎಲ್ರೂ ಮೇಲೆ ಒತ್ತಾರೆ," ಎಂದ ಮೇಸ್ತ್ರಿ. "ದೊನಾತಕ್ಕ ಒಳಗಿಂದ್ಲೇ ಒತ್ತಿದಾಳೆ."

ಓಣಿ ನಕ್ಕ ಗಾಳಿಗೆ ಒಲೆ ಎರಡು ಸಲ ಆರಿತು. ದೊನಾತಾಳಿಗೆ ಹಿಟ್ಟಿನ ಚೀಲದೊಳಗೆ ಅಡಗಿಕೊಳ್ಳೋಣವೆನಿಸಿತು. ಪಾಸ್ಕ್ವಾ ಮಾತ್ರ ನಗದೆ ಗೋಪುರವನ್ನು ಎರಡು ಮಾಡಿ, ಒಂದು ಪಾಲನ್ನು ಅವಳ ಬುಟ್ಟಿಗೆ ತುರುಕಿದಳು. "ಬೀಗಿತಿಗೆ ಬಡಿಸು. ಆದ್ರೆ ಯಾರ್ದು ಅಂತ ಬಾಯ್ಬಿಟ್ಟು ಹೇಳ್ಬೇಕು."

ಭಾನುವಾರ ಬೀಗಿತಿ ತಿಂದಳು, ಹೊಗಳಿದಳು. ದೊನಾತಾ ಪಾಸ್ಕ್ವಾಳ ಹೆಸರು ಹೇಳಿದಳು. ಆ ಒಂದು ಹೆಸರು ಗಂಟಲು ದಾಟುವಷ್ಟರಲ್ಲಿ ಸಾರು ತಣ್ಣಗಾಯಿತು. ಅವಳನ್ನು ಕಳ್ಳಿಯೆಂದು ಜರೆದದ್ದನ್ನೂ ಒಪ್ಪಿಕೊಂಡಳು.

ಆಗ ಅವಳು ತನ್ನ ಚಪ್ಪಟೆ ಬ್ರೆಡ್ಡನ್ನು ತಂದು, ಹುಂಜವನ್ನು ಅದರ ಗೂಡಲ್ಲಿ ಕೂರಿಸಿ ನಡುವೆ ಇಟ್ಟಳು. "ನಿಜ ಹೇಳಿ ಬೀಗಿತಮ್ಮ, ಇಂಥಾದ್ದನ್ನ ನಿಮ್ಮ ಏಳು ತಲೆಮಾರಲ್ಲಿ ಯಾರಾದ್ರೂ ಕಂಡಿದ್ರಾ?"

ಇಲ್ಲವೆಂದು ಬೀಗಿತಿ ಒಪ್ಪಿಕೊಂಡಳು, ಕಣ್ಣೀರು ಬರುವಂತೆ ನಗುತ್ತ. ಮಾತುಕತೆ ಅಲ್ಲೇ ಗಟ್ಟಿಯಾಯಿತು. ಅವಳದು ಒಂದೇ ಷರತ್ತು: ಸೊಸೆಯ ಜೊತೆ ಆ ಹುಂಜವೂ ಬರಬೇಕು.