ಅರ್ಧಕ್ಕೆ ಬಿಟ್ಟವರು ಒಬ್ಬರು

ವೈದ್ಯಕೀಯ ಕಾಲೇಜಿನ ವಿಷಯ ಬರೆಯುವಷ್ಟು ಓದಿದವಳು ನಾನಲ್ಲ. ಕ್ಯಾಂಟೀನಿನಲ್ಲಿ ದುಡಿದು, ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತವಳು. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು. ಆದರೆ ಇದು ನನ್ನ ಗಂಡ ವಾಟಿಯ ವಿಷಯವೂ ಹೌದು. ನಾನಲ್ಲದೆ ಬೇರೆ ಯಾರೂ ಇದನ್ನು ಬರೆಯುವುದಿಲ್ಲ.

ಪ್ರತಿ ಮೇ ತಿಂಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು, ನಮ್ಮ ಊರಿನವರ ಆರೋಗ್ಯದ ಬಗ್ಗೆ ಮಾಡಿದ ಸಂಶೋಧನೆಯನ್ನು ದೊಡ್ಡ ದೊಡ್ಡ ಹಾಳೆಗಳ ಮೇಲೆ ಅಚ್ಚು ಹಾಕಿಸಿ ಸಭಾಂಗಣದಲ್ಲಿ ನಿಲ್ಲಿಸುತ್ತಾರೆ. ಅದರಲ್ಲಿ ಭಾಗವಹಿಸಿದವರಿಗೆಲ್ಲ ಆಹ್ವಾನ ಕಳಿಸುತ್ತಾರೆ. ಆ ಸಂಶೋಧನೆಗಾಗಿ ಮಂಗಳವಾರ ಮಂಗಳವಾರ ನಮ್ಮೂರಿನ 'ಲಾ' ಎಂಬ ಗುಡ್ಡ ಹತ್ತುವ, ಉಬ್ಬಸದ ಗಂಡಸರ ಗುಂಪಿನಲ್ಲಿ ವಾಟಿ ಇದ್ದ. ಜನವರಿಯಲ್ಲಿ ತೀರಿಕೊಂಡ. ಆಹ್ವಾನ ಅವನ ಹೆಸರಿಗೇ ಬಂತು. ಪಕ್ಕದ ಮನೆಯ ನೆಟ್ಟಾಳನ್ನು ಕರೆದುಕೊಂಡು ನಾನು ಹೋದೆ.

"ಲೇ ಎಫಿ, ಈ ಬ್ರೈಡಿ ನೋಡೇ, ಹೆಬ್ಬೆಟ್ಟಿನಷ್ಟೂ ಇಲ್ಲ!" ಎಂದಳು ನೆಟ್ಟಾ, ಅಲ್ಲಿ ಹಂಚಿದ ಆ ಮಾಂಸದ ಕಡುಬನ್ನು ಬಾಯಿ ತುಂಬ ತುಂಬಿಕೊಂಡೇ. "ಹಸಿವಿಂದ ಸಾಯ್ಸಿ, ಆಮೇಲೆ ಯಾಕೆ ಸತ್ರು ಅಂತ ಇನ್ನೊಂದು ಹಾಳೆ ಬರೀತಾರೆ."

ಗುಡ್ಡದ ಗುಂಪಿನ ಹಾಳೆ ಕಿಟಕಿಯ ಪಕ್ಕದಲ್ಲಿತ್ತು. ಮುದುಕರೆಲ್ಲ ಅದರ ಮುಂದೆ ಕುರ್ಚಿ ಎಳೆದುಕೊಂಡು, ಮದುವೆ ಮನೆಯ ಬೀಗರ ಹಾಗೆ ಕೂತಿದ್ದರು. ನಾನು ಒಂದೊಂದೇ ಅಕ್ಷರ ಓದಿದೆ. ಕೊನೆಯಲ್ಲಿ ಸಣ್ಣದಾಗಿ ಹೀಗಿತ್ತು: 'ಅರ್ಧಕ್ಕೆ ಬಿಟ್ಟವರು ಒಬ್ಬರು.'

ಉಳಿದವರೆಲ್ಲ ಕಣ್ಣೆದುರಿಗೇ ಕೂತಿದ್ದರು. ತಟ್ಟೆಯಲ್ಲಿ ಒಂದು ಬಟಾಣಿಯನ್ನೂ ಬಿಟ್ಟು ಏಳದ ಮನುಷ್ಯನನ್ನು ಹೀಗೆ ಬರೆಯಬಹುದೇ? ಓದಿದವರಿಗೆ ತಪ್ಪು ತೋರಿಸಲು ನನಗೆ ಭಯವಾಯಿತು. ಆದರೂ ಹಾಳೆಯ ಪಕ್ಕ ನಿಂತಿದ್ದ ಅಯೋನಾ ಎಂಬ ವಿದ್ಯಾರ್ಥಿನಿಯ ಬಳಿಗೆ ಹೋದೆ.

"ಈ ಸಾಲು ಸರಿ ಇಲ್ಲ ಕಣಮ್ಮ. ನಾನು ವಾಟಿ ಗೆಡ್ಡಿಸ್ ಹೆಂಡತಿ. ಅವರು ಅರ್ಧಕ್ಕೆ ಬಿಡ್ಲಿಲ್ಲ, ತೀರಿಕೊಂಡ್ರು."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವ್ರೇ! ನಮಗೆ ಗೊತ್ತೇ ಆಗ್ಲಿಲ್ವಲ್ಲ. ಯಾವಾಗ?"

"ಜನವರೀಲಿ. ಅದಕ್ಕೆ ಹಿಂದಿನ ಮಂಗಳವಾರ ಕೂಡ ನಿಮ್ಮ ಜೊತೆ ಗುಡ್ಡ ಹತ್ತಿ ಬಂದಿದ್ರು."

ತಿದ್ದಲು ಪೆನ್ನು ತೆಗೆದವಳು ಹಾಗೇ ನಿಂತಳು. "ಮಿಸೆಸ್ ಗೆಡ್ಡಿಸ್, ಅವರು ಅಕ್ಟೋಬರಲ್ಲೇ ಬಿಟ್ರಲ್ಲ? ನಿಮ್ಮ ಮೊಣಕಾಲು ಆಪರೇಷನ್ ಆಗಿದೆ, ನೋಡ್ಕೊಳ್ಳೋಕೆ ತಾವೇ ಇರಬೇಕು ಅಂದ್ರು. ಬೇಗ ಗುಣವಾಗ್ಲಿ ಅಂತ ನಾವೆಲ್ಲ ಸೇರಿ ನಿಮಗೊಂದು ಕಾರ್ಡ್ ಕೊಟ್ಟು ಕಳ್ಸಿದ್ವಿ. ಬಂತಲ್ವಾ?"

"ಆಪರೇಷನ್ನಾ? ಇವಳಿಗಾ?" ನೆಟ್ಟಾ ಬಾಯಿ ತೆರೆದಳು. ಅವಳ ಕಾಲು ತುಳಿದೆ.

"ಬಂತು ಕಣಮ್ಮ, ತುಂಬ ಚೆನ್ನಾಗಿತ್ತು. ಕಾಲೂ ವಾಸಿಯಾಯ್ತು."

"ಹಾಗಾದ್ರೆ ಈ ಸಾಲು... ಬದಲಾಯಿಸ್ಲಾ?"

"ಬೇಡ. ನೀವು ಬರೆದದ್ದೇ ಸರಿ."

ಹೊರಗೆ ಬಂದ ಮೇಲೆ ನೆಟ್ಟಾ ನನ್ನ ತೋಳು ಹಿಡಿದುಕೊಂಡಳು. "ಇನ್ನೊಬ್ಬಳನ್ನ ಇಟ್ಕೊಂಡಿದ್ದ ಅನ್ನೋಣ ಅಂದ್ರೆ ಆ ಮುದುಕನಿಗೆ ಉಸಿರೇ ಇರ್ಲಿಲ್ವಲ್ಲೇ!" ನನ್ನನ್ನು ನಗಿಸಲೆಂದೇ ಹಾಗೆಂದಳು. ನಗಲು ಹೋದೆ. ಆಮೇಲೆ ಕಂಬಿ ಹಿಡಿದುಕೊಂಡು, ದಾರಿಹೋಕರು ತಿರುಗಿ ನೋಡುವಷ್ಟು ಅತ್ತೆ.

ಜನವರಿಯವರೆಗೂ ಪ್ರತಿ ಮಂಗಳವಾರ ಅವನು ಬೂಟು ಕಟ್ಟಿಕೊಂಡು ಹೊರಟ. ನಾನೇ ಫ್ಲಾಸ್ಕಿಗೆ ಚಹಾ ತುಂಬಿಸಿ ಕೊಟ್ಟೆ. ಮೂಗು ಕೆಂಪಾಗಿಸಿಕೊಂಡು ಮರಳಿದವನು, ಇವತ್ತು ಯಾರು ಹಿಂದೆ ಬಿದ್ದರು, ಯಾರು ಏನು ತಮಾಷೆ ಮಾಡಿದರು ಎಂದು ಹೇಳಿ ಹೇಳಿ ನನ್ನನ್ನು ನಗಿಸುತ್ತಿದ್ದ. ಗುಡ್ಡ ಹತ್ತಲು ಆಗದಾಗಿತ್ತು ಎಂಬುದು ಈಗ ತಿಳಿಯುತ್ತದೆ. ಅದನ್ನು ನನಗೆ ಹೇಳಲು ಏನು ಅಡ್ಡ ಬಂತು, ಆ ಚಳಿಯಲ್ಲಿ ಅವನು ಎಲ್ಲಿ ಕೂತು ಆ ಕಥೆಗಳನ್ನು ಕಟ್ಟುತ್ತಿದ್ದ, ಪಕ್ಕದಲ್ಲಿ ಯಾರಾದರೂ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.