ನನ್ನ ಹಣೆಯ ಮೇಲೆ ಮೂಡಿದ ಮಾತು

ನಾನು ಒಂದು ಟ್ಯಾಬ್. ದೂರದೇಶದ ಕಾರ್ಖಾನೆಯಲ್ಲಿ, ಕೈಗವಸು ತೊಟ್ಟ ಬೆರಳುಗಳ ನಡುವೆ ಹುಟ್ಟಿ, ತುಮಕೂರಿನ ಸಂಗೀತದ ಟೀಚರ್ ಮಂದಾಕಿನಿಯವರ ಮನೆಗೆ ಬಂದೆ. ನನ್ನ ಕಂಪನಿಯದೇ ಫೋನು, ಕೈಗಡಿಯಾರ ಅಲ್ಲಿ ಮೊದಲೇ ಇದ್ದವು. ಫೋನಿನ ಪಕ್ಕ ಕೂತದ್ದೇ ತಡ, ಅದರ ಫೋಟೋ, ನಂಬರು, ಸಂದೇಶಗಳೆಲ್ಲ ನನಗೂ ಬಂದುಬಿಟ್ಟವು.

ಈ ಸುಖವನ್ನು ಟೀಚರ್ ಚೆನ್ನಾಗಿ ಉಂಡವರು. ಒಮ್ಮೆ ಬಸ್ಸಿನಲ್ಲಿ ಫೋನು ಕಳೆದರೂ ಅವರ ಒಂದು ಹಾಡೂ ಕಳೆಯಲಿಲ್ಲ. ಕಷ್ಟವೂ ಇತ್ತು. ಪಾಠದ ಆ್ಯಪ್ ನಮ್ಮ ಕಂಪನಿಯ ಯಂತ್ರಗಳಲ್ಲಿ ಮಾತ್ರ ತೆರೆಯುತ್ತಿತ್ತು. ಶಿಷ್ಯರ ಬೇರೆ ಫೋನುಗಳಿಗೆ ಪಾಠ ಕಳಿಸಲು ಪಡಬಾರದ ಪಾಡು. "ಜುಟ್ಟು ಕಂಪನಿಯವರ ಕೈಗೆ ಕೊಟ್ಟಂಗಾಯ್ತು" ಎಂದು ಗೊಣಗುತ್ತಲೇ ನನ್ನನ್ನು ಒರೆಸಿಡುತ್ತಿದ್ದರು.

ಶಿಷ್ಯರಲ್ಲಿ ಬಳೆ ಅಂಗಡಿಯ ಪಂಕಜಮ್ಮ ಎಲ್ಲರಿಗಿಂತ ಹಿರಿಯರು. ಮಕ್ಕಳ ಮದುವೆ ಮುಗಿದ ಮೇಲೆ ಹಾಡಿನ ಆಸೆ ಹುಟ್ಟಿತ್ತು. ಶ್ರುತಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಆದರೂ ಟೀಚರ್ ನಗುನಗುತ್ತಲೇ "ಚೆನ್ನಾಗಿ ಬರ್ತಿದೆ" ಎನ್ನುತ್ತಿದ್ದರು.

ಒಂದು ಸಂಜೆ ನನ್ನನ್ನು ಸ್ಟ್ಯಾಂಡಿಗೆ ಒರಗಿಸಿ ಹಾಡಿನ ಸಾಹಿತ್ಯ ತೆರೆದಿದ್ದರು. ಪಂಕಜಮ್ಮ ನೋಡಿಕೊಂಡು ಹಾಡುತ್ತಿದ್ದರು. ಅದೇ ಹೊತ್ತಿಗೆ ಟೀಚರ್ ಅವರ ತಂಗಿ ಸಂದೇಶ ಕಳಿಸಿದರು. ಫೋನು ಅಡುಗೆಮನೆಯಲ್ಲಿತ್ತು. ಅಕ್ಷರಗಳು ನನ್ನ ಹಣೆಯ ಮೇಲೂ ಮೂಡಿದವು: "ಪಂಕಜಮ್ಮ ಬಂದ್ರಾ ಅಕ್ಕಾ? ನೀನು ಹೇಳೋ ಆ ತುಕ್ಕು ಹಿಡಿದ ಗೇಟು ಇವತ್ತೂ ಕಿರುಗುಟ್ತಾ?"

ಆರಿಹೋಗೋಣವೆಂದರೆ ಅದು ನನ್ನ ಕೈಯಲ್ಲಿಲ್ಲ. ಪಂಕಜಮ್ಮ ಓದಿದರು. ಹಾಡುತ್ತಿದ್ದ ಸಾಲನ್ನು ಸಣ್ಣ ದನಿಯಲ್ಲಿ ಮುಗಿಸಿ, "ಅಂಗಡಿ ಕಡೆ ಹೋಗ್ಬೇಕು ಟೀಚರ್" ಎಂದು ಎದ್ದರು. ಟೀಚರ್ ನನ್ನತ್ತ ಬಗ್ಗಿ ಆ ಸಾಲು ಓದಿದರು. ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆ ತನ್ನ ಪಾಡಿಗೆ ಮಿಡಿಯುತ್ತಲೇ ಇತ್ತು.

ಮರುದಿನ ನನ್ನನ್ನೂ ಫೋನನ್ನೂ ಚೀಲಕ್ಕೆ ತುಂಬಿ ಮೊಬೈಲ್ ಅಂಗಡಿಗೆ ಒಯ್ದರು. "ಇವೆಲ್ಲ ಬೇಡಪ್ಪ. ಬೇರೆ ಕಂಪನಿದು ಕೊಡು. ಒಂದಕ್ಕೆ ಹೇಳಿದ್ದು ಇನ್ನೊಂದು ಊರಿಗೆಲ್ಲ ಸಾರುತ್ತೆ."

ಅಂಗಡಿಯವನು ನನ್ನನ್ನು ತಿರುಗಿಸಿ ನೋಡಿದ. "ಫೋಟೋ ಹೊಸದಕ್ಕೆ ಹೋಗುತ್ತೆ ಮೇಡಂ, ಪಾಠದ ಮೇಲೆ ನೀವು ಹಾಕಿರೋ ಗುರುತು ಹೋಗಲ್ಲ. ಅಷ್ಟಕ್ಕೂ ಮೆಸೇಜು ಇಲ್ಲಿ ಬರ್ಬಾರ್ದು, ಅಷ್ಟೇ ತಾನೆ?" ಒಮ್ಮೆ ಬೆರಳಾಡಿಸಿ ಕೈಗಿಟ್ಟ. "ಇನ್ನು ಬರಲ್ಲ."

ಟೀಚರ್ ಮುಖ ಕೆಂಪಾಯಿತು. ದೂರಲು ನಾನೂ ಉಳಿಯಲಿಲ್ಲ. ಉಳಿದದ್ದು ತಂಗಿಯ ಮುಂದೆ ಅವರೇ ಆಡಿದ್ದ ಮಾತು.

ಅಲ್ಲಿಂದ ನೇರ ಬಳೆ ಅಂಗಡಿಗೆ ನಡೆದರು. ಚೀಲದೊಳಗಿಂದ ನಾನು ಕೇಳಿಸಿಕೊಂಡೆ.

"ತಪ್ಪಾಯ್ತು ಪಂಕಜಮ್ಮ. ತಮಾಷೆಗೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ನನ್ನ ಗಂಟಲು ನಂಗೆ ಗೊತ್ತಿಲ್ವಾ ಟೀಚರ್? ಮನೇಲಿ ದಿನಾ ಆಡ್ಕೋತಾರೆ. ನೀವೊಬ್ರು ಆಡ್ಕೊಳ್ಳಲ್ಲ ಅಂತ ನಿಮ್ಮ ಹತ್ರ ಬರ್ತಿದ್ದೆ." ಸ್ವಲ್ಪ ಹೊತ್ತು ಬಳೆಗಳ ಸದ್ದು. "ಕೂತ್ಕೊಳ್ಳಿ, ಕಾಫಿ ತರಿಸ್ತೀನಿ."

ಕಾಫಿ ಬಂತು. ಟೀಚರ್ ಬೇಗ ಎದ್ದರು. ಪಂಕಜಮ್ಮ ಪಾಠಕ್ಕೆ ಮತ್ತೆ ಬರಲಿಲ್ಲ.

ನಾನೀಗ ಹಳಬ. ಬ್ಯಾಟರಿ ನಿಲ್ಲುವುದಿಲ್ಲ. ಟೀಚರ್ ಇನ್ನೊಂದು ಟ್ಯಾಬ್ ತಂದರು, ಅದೇ ಕಂಪನಿಯದು. ಬಯ್ಯುತ್ತಲೇ ತಂದರು. ಮತ್ತೊಂದು ಮನೆತನಕ್ಕೆ ಹೋಗಿ ಮೊದಲಿನಿಂದ ಬಾಳುವ ಧೈರ್ಯ ಅವರಿಗಿಲ್ಲ. ನನ್ನಲ್ಲಿದ್ದುದೆಲ್ಲ ಅದಕ್ಕೆ ಸಲೀಸಾಗಿ ಹೋಯಿತು. ನಾಚಿಕೆಯೊಂದು ಹೋಗಲಿಲ್ಲ, ಅದು ನನ್ನಲ್ಲೇ ಉಳಿದಿದೆ.

ಪಾಠದ ಕೋಣೆಯ ಬೀರುವಿನಲ್ಲಿ, ಮಡಿಸಿದ ಸೀರೆಗಳ ಕೆಳಗೆ ಮಲಗಿದ್ದೇನೆ. ಮೊನ್ನೆ ಹೊಸಬರೊಬ್ಬರು ಹಾಡಿದರು. ದನಿ ಎಲ್ಲೆಲ್ಲೋ ಹೋಯಿತು. ಟೀಚರ್ ತಂಬೂರಿ ನಿಲ್ಲಿಸಿದರು.

"ಶ್ರುತಿ ಸೇರ್ತಿಲ್ಲಮ್ಮ," ಎಂದರು. "ಬೇಜಾರು ಮಾಡ್ಕೋಬೇಡಿ. ಇದನ್ನ ನಿಮ್ಮೆದುರಿಗೇ ಹೇಳ್ಬೇಕು ನಾನು."