ಇವತ್ತು ನೋವಿದೆ

ಡಿಪೊದಲ್ಲಿ ಅವಳನ್ನು ಎಲ್ಲರೂ ಗೇರಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಊರೊಳಗಿನ ಬಸ್ಸು ಓಡಿಸುತ್ತಿದ್ದವಳು. ಗೇರು ಬದಲಿಸಿದ್ದು ನಿದ್ದೆಹೋದ ಮಗುವಿಗೂ ಗೊತ್ತಾಗಬಾರದು ಎನ್ನುವುದು ಅವಳ ಪಂಥ. ಆ ಹೆಸರನ್ನು ಇಟ್ಟವನು ಶೆಡ್ಡಿನ ಹಳೇ ಮೆಕ್ಯಾನಿಕ್. ಅವನು ಯಾರನ್ನೂ ಸುಮ್ಮನೆ ಹೊಗಳುವ ಆಸಾಮಿಯಲ್ಲ.

ನೋವು ಶುರುವಾದದ್ದು ಅವಳ ನಲವತ್ತೆರಡನೆಯ ವಯಸ್ಸಿನಲ್ಲಿ. ಮೊದಲು ಬಲಗೈ ಮಣಿಕಟ್ಟು. ಉಳುಕಿರಬೇಕೆಂದು ಬಟ್ಟೆ ಸುತ್ತಿಕೊಂಡಳು. ನಾಲ್ಕು ದಿನಕ್ಕೆ ಹೋಯಿತು. ಮುಂದಿನ ವಾರ ಎಡಮಂಡಿ. ಆಮೇಲೆ ಎರಡೂ ಭುಜ. ಒಂದೊಂದು ದಿನ ತೊಡೆಯ ಮಾಂಸಖಂಡವನ್ನು ಒದ್ದೆ ಬಟ್ಟೆಯ ಹಾಗೆ ಯಾರೋ ಹಿಂಡುತ್ತಿದ್ದಂತಿರುತ್ತಿತ್ತು. ಊತವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ನಡುವೆ ಹದಿನೈದು ದಿನ ಏನೂ ಇರುತ್ತಿರಲಿಲ್ಲ. ಆಗ ಅವಳು ಮೊದಲಿನಂತೆಯೇ ಗಟ್ಟಿಯಾಗಿ ನಗುತ್ತ, ಓಡೋಡಿ ಬಂದು ಬಸ್ಸು ಹತ್ತುತ್ತಿದ್ದಳು. ಆ ಹದಿನೈದು ದಿನಗಳೇ ಅವಳಿಗೆ ಮುಳುವಾದವು. ನಿನ್ನೆ ಹಾರಾಡುತ್ತಿದ್ದವಳು ಇವತ್ತು ಕುಂಟುತ್ತಾಳೆ, ಇದು ಕೆಲಸಗಳ್ಳರ ನೋವು ಎಂದು ಚಹಾದ ಕಟ್ಟೆಯಲ್ಲಿ ಮಾತು ಹುಟ್ಟಿತು.

ಮೂವರು ಡಾಕ್ಟರರಾದರು. ಮೊದಲನೆಯವರು ರಕ್ತ ತೆಗೆಸಿದರು, ಎರಡನೆಯವರು ಎಕ್ಸ್‌ರೇ ತೆಗೆಸಿದರು, ಮೂರನೆಯವರು ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡಿದರು. ಎಲ್ಲ ರಿಪೋರ್ಟೂ ತೊಳೆದ ಪಾತ್ರೆಯಷ್ಟು ಸ್ವಚ್ಛ. ಏನೂ ಇಲ್ಲಮ್ಮ, ಚಿಂತೆ ಕಡಿಮೆ ಮಾಡಿ, ಮನಸ್ಸಿಗೆ ನೆಮ್ಮದಿ ಕೊಡಿ ಎಂದು ಮೂರನೆಯವರು ಬಹಳ ಮೆತ್ತಗೆ ಹೇಳಿದರು. ಗೇರಕ್ಕ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಡಾಕ್ಟ್ರೇ, ಗೊತ್ತಾಗ್ತಿಲ್ಲ ಅನ್ನಿ, ಒಪ್ಕೋತೀನಿ. ಏನೂ ಇಲ್ಲ ಅಂದ್ರೆ ಮಾತ್ರ ಒಪ್ಪಲ್ಲ."

ಮನೆಯಲ್ಲಿ ಅವಳ ಗಂಡ ಮೆದು ಸ್ವಭಾವದವನು, ಛಾಪಖಾನೆಯಲ್ಲಿ ಕರಡು ತಿದ್ದುವವನು. ಇಷ್ಟು ವರ್ಷ ದುಡಿದದ್ದು ಸಾಕು, ಬಸ್ಸು ಬಿಟ್ಟು ಎಲ್ಲಾದರೂ ಕೂತು ಮಾಡುವ ಕೆಲಸ ನೋಡು ಎಂದ. ಬಸ್ಸನ್ನೇನು ನಿಂತು ಓಡಿಸುತ್ತೇನೆಯೇ ಎಂದು ಅವಳು ಕೇಳಿದಳು. ರಿಪೋರ್ಟಿನಲ್ಲಿ ಏನೂ ಕಾಣದಿರುವಾಗ ಡಿಪೊದವರಾದರೂ ಹೇಗೆ ನಂಬಬೇಕು ಹೇಳು ಎಂದು ಅವನು ಬಾಯಿ ತಪ್ಪಿ ಅಂದುಬಿಟ್ಟ. ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತಿದರು. ಸೊಸೆಯ ಪರ ವಹಿಸಿ ಮಾತಾಡಿದ ದಾಖಲೆ ಅವರ ಹೆಸರಿನಲ್ಲಿ ಅದುವರೆಗೆ ಇರಲಿಲ್ಲ.

"ಹಸಿವಾಗುತ್ತೆ ಅಂತೀಯಲ್ಲ ದಿನಾ, ಅದನ್ನ ಯಾವ ಎಕ್ಸ್‌ರೇಲಿ ನೋಡಿ ನಿಂಗೆ ಬಡಿಸ್ತಾ ಇದೀನೋ?"

ಗಂಡ ಎದ್ದು ಹೋಗಿ ಹೆಂಡತಿಯ ಶಾಖಕ್ಕೆ ನೀರು ಕಾಯಲಿಟ್ಟ.

ಗೇರಕ್ಕ ಡಿಪೊದ ಸಾಹೇಬರ ಮುಂದೆ ಇಟ್ಟ ಬೇಡಿಕೆ ಚಿಕ್ಕದು. ನೋವು ಜೋರಾದ ದಿನ ತನ್ನ ಪಾಳಿಯನ್ನು ಮೀಸಲು ಚಾಲಕರಿಗೆ ಕೊಡಬೇಕು. ಇಲ್ಲದ ದಿನ ಅವರ ಪಾಳಿಯನ್ನು ತಾನು ಮಾಡಿ ಸರಿದೂಗಿಸುತ್ತಾಳೆ. ಸಾಹೇಬರು ರೋಗದ ಹೆಸರು ಕೇಳಿದರು. ಹೆಸರಿಲ್ಲ ಎಂದಳು. ಹೆಸರಿಲ್ಲದ ರೋಗಕ್ಕೆ ತನ್ನ ಬಳಿ ನಿಯಮವಿಲ್ಲ ಎಂದರು. ಮರುದಿನವೇ ಅವಳ ಹೊಸ ಬಸ್ಸು ಬೇರೆಯವರ ಪಾಲಾಗಿ, ಒಂಬತ್ತನೇ ನಂಬರಿನ ಹಳೇ ಡಬ್ಬಾ ಅವಳ ಪಾಲಿಗೆ ಬಂತು. ಅದರ ಸ್ಟೇರಿಂಗು ಬಂಡೆಗಲ್ಲಿನಷ್ಟು ಗಡುಸು ಎಂದು ದೂರು ಕೊಟ್ಟಾಗ ಸಾಹೇಬರು ಎಲ್ಲರಿಗೂ ಕೇಳುವಂತೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ನಾಲ್ಕಾರು ಜನ ನಕ್ಕರು. ಅವಳು ತುಟಿ ಕಚ್ಚಿಕೊಂಡು ಒಂದು ತಿಂಗಳು ಆ ಬಸ್ಸನ್ನೇ ಓಡಿಸಿದಳು.

ಒಂದು ಸೋಮವಾರ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರಲಿಲ್ಲ. ಹಲ್ಲುಜ್ಜುವ ಬ್ರಷ್ಷು ಎರಡು ಸಲ ಕೈಯಿಂದ ಜಾರಿತು. ಆದರೂ ಡಿಪೊಗೆ ಹೋದಳು. ಒಂಬತ್ತನೇ ನಂಬರನ್ನು ಹತ್ತಿ ಕೂತು ಸ್ಟೇರಿಂಗು ಹಿಡಿದು ನೋಡಿದಳು; ಹಿಡಿತವೇ ಸಿಗಲಿಲ್ಲ. ಆ ಬಸ್ಸು ಮೊದಲ ಸುತ್ತಿನಲ್ಲಿ ಹೋಗುವುದು ದಿಣ್ಣೆಯ ಮೇಲಿನ ಶಾಲೆಗೆ. ಅರವತ್ತು ಮಕ್ಕಳು, ಎರಡು ಇಳಿಜಾರು ತಿರುವು. ಅವಳು ಇಳಿದು ಬಂದು ಡ್ಯೂಟಿ ಪುಸ್ತಕದಲ್ಲಿ, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದಳು: ಇವತ್ತು ನೋವಿದೆ. ಬಸ್ಸು ಓಡಿಸುವುದಿಲ್ಲ.

ಸಾಹೇಬರು ಹೊರಗೆ ಬಂದರು. ಡ್ಯೂಟಿ ನಿರಾಕರಿಸಿದ್ದಾಳೆಂದು ಮೇಲಕ್ಕೆ ಬರೆಯುತ್ತೇನೆ ಎಂದರು. ಬರೆಯಿರಿ, ನಾನೂ ಬರೆದಿದ್ದೇನೆ ಎಂದಳು. ಯಾರು ಬೇಕಾದರೂ ಓಡಿಸುವ ಬಸ್ಸಿಗೆ ಇಷ್ಟೊಂದು ನಾಟಕವೇಕೆ ಎಂದು ಅವರು ಕೇಳಿದಾಗ, ಹಾಗಾದರೆ ಗೇಟಿನ ತನಕ ನೀವೇ ಒಯ್ದು ತೋರಿಸಿ ಎಂದಳು. ಸಾಹೇಬರು ಒಂದು ಕಾಲದಲ್ಲಿ ಚಾಲಕರೇ. ಸುತ್ತ ಇಪ್ಪತ್ತು ಜನ ನಿಂತಿದ್ದರು. ಅವರು ಅಂಗಿಯ ತೋಳು ಮಡಚಿ ಹತ್ತಿ ಕೂತರು.

ಗೇಟಿನ ಬಳಿ ಬಲಕ್ಕೆ ತಿರುಗಬೇಕು. ಮೊದಲ ಸಲ ಆಗಲಿಲ್ಲ. ಹಿಂದೆ ತಂದು ಮತ್ತೆ ತಿರುಗಿಸಿದರು. ಬಸ್ಸು ಕಂಬಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಮೂರನೆಯ ಸಲ ಎದ್ದು ನಿಂತಂತೆ ಮಾಡಿ ಎಳೆದು ತಿರುಗಿಸಿದರು. ಇಳಿದಾಗ ಅಂಗಿ ಬೆನ್ನಿಗಂಟಿತ್ತು, ಎಡಗೈ ಬಲಭುಜವನ್ನು ಹಿಡಿದುಕೊಂಡಿತ್ತು. ಈ ಸ್ಟೇರಿಂಗು ಬದಲಿಸಿ ಎಂದು ತಾನು ಎರಡು ಸಲ ಬರೆದುಕೊಟ್ಟಿದ್ದೆ ಎಂದು ಹಳೇ ಮೆಕ್ಯಾನಿಕ್ ಯಾರ ಮುಖವನ್ನೂ ನೋಡದೆ ಹೇಳಿದ.

ಅಲ್ಲಿಗೆ ಬಿಟ್ಟಿದ್ದರೆ ಗೆಲುವು ಸುಲಭದ್ದಾಗಿತ್ತು. ಆದರೆ ಗೇರಕ್ಕ ಮುಂದೆ ಬಂದಳು.

"ಸಾಹೇಬ್ರೇ, ನನ್ನ ನೋವು ಈ ಬಸ್ಸಿಂದ ಬಂದಿದ್ದಲ್ಲ. ಇದನ್ನ ರಿಪೇರಿ ಮಾಡ್ಸಿದ್ರೂ ಅದು ಬರುತ್ತೆ. ಯಾಕೆ ಬರುತ್ತೆ ನಂಗೂ ಗೊತ್ತಿಲ್ಲ. ಸುಳ್ಳು ಹೇಳೋಳಾಗಿದ್ರೆ ದಿನಾ ನೋವಿದೆ ಅಂತಿದ್ದೆ. ಇದ್ದ ದಿನ ಇದೆ ಅಂತೀನಿ, ಇಲ್ಲದ ದಿನ ಓಡಿಸ್ತೀನಿ. ಅದಕ್ಕಿಂತ ಚಿಕ್ಕದಾಗಿ ಬದುಕೋಕೆ ನಂಗೆ ಬರಲ್ಲ."

ಸಾಹೇಬರು ಒಳಗೆ ಹೋದರು. ಆ ದಿನ ಮೀಸಲು ಚಾಲಕ ಬೇರೆ ಬಸ್ಸಿನಲ್ಲಿ ಮಕ್ಕಳನ್ನು ಕರೆದೊಯ್ದ. ವಾರದೊಳಗೆ ಅವಳಿಗೆ ಎಚ್ಚರಿಕೆಯ ಪತ್ರ ಬಂತು. ಅದಕ್ಕವಳು, ನೋವು ಬಂದರೆ ಮತ್ತೆ ಹೀಗೇ ಮಾಡುತ್ತೇನೆ ಎಂದು ಒಂದೇ ಸಾಲಿನ ಉತ್ತರ ಕೊಟ್ಟಳು. ಕರಡು ತಿದ್ದುವ ಗಂಡ ಅದನ್ನು ಓದಿ, ತಿದ್ದುವುದಕ್ಕೆ ಏನೂ ಇಲ್ಲ ಎಂದ. ಮುಂದಿನ ತಿಂಗಳ ಪಾಳಿಪಟ್ಟಿಯಲ್ಲಿ, ಯಾರೂ ಏನೂ ಹೇಳದೆಯೇ, ಅವಳ ಹೆಸರಿನ ಪಕ್ಕದಲ್ಲಿ ಮೀಸಲು ಚಾಲಕನೊಬ್ಬನ ಹೆಸರು ಸೇರಿತ್ತು.

ಅವನನ್ನು ಡಿಪೊದವರು ಮೌನಿಬಾಬಾ ಎನ್ನುತ್ತಿದ್ದರು. ಮೊದಲ ಸಲ ಪಾಳಿ ಬದಲಾಯಿಸಿಕೊಂಡ ದಿನ ಅವನು ಬೀಗದ ಕೈ ಈಸಿಕೊಂಡು, ಹೋಗದೆ, ಅಲ್ಲೇ ನಿಂತ. ತನಗೆ ಹನ್ನೊಂದು ವರ್ಷದಿಂದ ಬೆನ್ನು ಹೀಗೆಯೇ ಬಂದುಹೋಗಿ ಮಾಡುತ್ತದೆ, ಹೆಂಡತಿಗೂ ಹೇಳಿಲ್ಲ ಎಂದ.

"ಬಂದ ದಿನ ನಂಗ್ ಹೇಳಪ್ಪ, ನಿನ್ನ ಬಸ್ಸು ನಾನು ತಗೋತೀನಿ" ಎಂದಳು ಗೇರಕ್ಕ.

ನೋವು ಇವತ್ತಿಗೂ ಬರುತ್ತದೆ. ನಾಲ್ಕನೆಯ ಡಾಕ್ಟರರೊಬ್ಬರು ಸಿಕ್ಕಿದ್ದಾರೆ. ಇದೇನೆಂದು ನನಗಿನ್ನೂ ತಿಳಿದಿಲ್ಲ, ಹುಡುಕುತ್ತಿರೋಣ ಎಂದು ಮೊದಲ ದಿನವೇ ಹೇಳಿದ್ದರಿಂದ ಅವಳಿಗೆ ಹಿಡಿಸಿದರು. ಹೋದ ವಾರ ಸೊಂಟ ಹಿಡಿದುಕೊಂಡಿತ್ತು. ಡಿಪೊದ ಮಹಡಿಯಿಂದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಹಿಂದೆ ಏಳೆಂಟು ಜನ ಸಾಲುಗಟ್ಟಿದರು. ಮೊದಲಾಗಿದ್ದರೆ ಹಲ್ಲು ಕಚ್ಚಿ ಬೇಗ ಇಳಿದುಬಿಡುತ್ತಿದ್ದಳು. ಈಗ ಅರ್ಧದಲ್ಲಿ ನಿಂತು, ಉಸಿರು ಬಿಟ್ಟು, ಅವಸರವಿದ್ದವರು ಪಕ್ಕದಿಂದ ಹೋಗಬಹುದು ಎಂದಳು. ಇಬ್ಬರು ಹೋದರು. ಉಳಿದವರು ಅವಳ ಹಿಂದೆ, ಅವಳಷ್ಟೇ ನಿಧಾನವಾಗಿ ಇಳಿದರು.